ಗೋಡೆಯ ಮೇಲಿನ ಮೇಡಂ

ಜಮಖಂಡಿ
4 ಫೆಬ್ರವರಿ 2013

ಸೌಂದರ್ಯಾ,

ಕುಶಲ ಆಮೇಲೆ ಕೇಳುತ್ತೇನೆ. ಮೊದಲು ಇಲ್ಲಿಯವರು ಏನು ಕೊಡುತ್ತೇವೆಂದರು, ಏನು ಕೊಡದೆ ಹೋದರು ಕೇಳು. ನಮ್ಮ ಕಾಲೇಜಿಗೆ ಪ್ರೊಜೆಕ್ಟರ್ ಬಂದಾಗ ಆಡಳಿತ ಮಂಡಳಿ ಮಾತು ಕೊಟ್ಟಿತ್ತು: ಪಾಠ ನಾವೇ ತಯಾರಿಸಬೇಕು, ಅದಕ್ಕೆ ಕಂಪ್ಯೂಟರ್ ಕೊಡುತ್ತಾರೆ, ಬಳಸಲು ಕಲಿಸುತ್ತಾರೆ, ನನ್ನಂಥ ಅತಿಥಿ ಉಪನ್ಯಾಸಕರ ಒಂದು ತಾಸೂ ಕಡಿಮೆಯಾಗದು. ಕಂಪ್ಯೂಟರ್ ಪ್ರಾಚಾರ್ಯರ ಕೋಣೆಯಲ್ಲಿ ಮುಸುಕು ಹೊದ್ದು ಕೂತಿದೆ. ಕಲಿಸಲು ಯಾರೂ ಬರಲಿಲ್ಲ. ಬಂದದ್ದು ನೀನು, ಧಾರವಾಡದ ಸ್ಟುಡಿಯೋದಿಂದ, ಡಿವಿಡಿಯೊಳಗೆ.

ಇಬ್ಬರೂ ಕೂಡಿಯೇ ಅರ್ಥಶಾಸ್ತ್ರ ಓದಿದೆವು. ಅತಿಥಿ ಉಪನ್ಯಾಸಕರ ಧರಣಿಯಲ್ಲಿ ಒಂದೇ ಬ್ಯಾನರ್ ಹಿಡಿದೆವು. ಇವತ್ತು ನೀನು ಗೋಡೆಯ ತುಂಬ. ನಾನು ಕಿಟಕಿ ಮುಚ್ಚುವವಳು, ಸ್ವಿಚ್ ಹಾಕುವವಳು. ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಚಂದದ ಹೆಸರು ಹುಡುಕುವುದಿಲ್ಲ.

ನಿನ್ನ ಮುಖ ಮೂಡಿದ ಕೂಡಲೇ ಹುಡುಗರು ಎದ್ದು ನಿಂತು 'ನಮಸ್ಕಾರ್ರಿ ಮೇಡಂ' ಅನ್ನುತ್ತಾರೆ. ನಾನು ಒಳಗೆ ಬಂದರೆ ಚಾಚಿದ ಕಾಲನ್ನೂ ಎಳೆದುಕೊಳ್ಳುವುದಿಲ್ಲ. ನೀನು ಅರ್ಥವಾಯಿತೇ ಎಂದು ಕೇಳಿ ಒಂದು ಗಳಿಗೆ ನಿಲ್ಲುತ್ತೀಯಲ್ಲ, ಇಡೀ ಕ್ಲಾಸು 'ಹೂಂರಿ' ಅನ್ನುತ್ತದೆ. 'ಮೇಡಂ ನಮ್ಮ ಮಾತು ಕೇಳೂಮಟ ತಡೀತಾರ ನೋಡ್ರಿ, ನಿಮಗ ಬಾಳ ಗಡಿಬಿಡಿ' ಎಂದು ಮುಧೋಳದ ಶಿವಾಜಿ ನನಗೇ ಬುದ್ಧಿ ಹೇಳಿದ.

ಮೊನ್ನೆ ನೇಕಾರಿಕೆಯ ಪಾಠ. ವಿದ್ಯುತ್ ಮಗ್ಗ ಬಂದ ಮೇಲೆ ನೇಕಾರರ ಬದುಕು ಸುಧಾರಿಸಿತು ಎಂದೆ ನೀನು, ನಗುತ್ತ. ರಬಕವಿಯ ಮನೀಷಾ ಕೈ ಎತ್ತಿದಳು. ಅವಳ ತಾಯಿ ಸಾವಕ್ಕ ಇನ್ನೊಬ್ಬರ ಮಗ್ಗದಲ್ಲಿ ದುಡಿಯುವವಳು. ನೀನು ನಿನ್ನ ಪಾಡಿಗೆ ಮುಂದೆ ಹೋದೆ. ಪಾಠ ಮುಗಿಯುವತನಕ ಆ ಹುಡುಗಿ ಕೈ ಇಳಿಸಲಿಲ್ಲ. ನಾನು ಯಂತ್ರ ಆರಿಸಿ ಏನವ್ವಾ ಎಂದೆ. 'ಮಗ್ಗ ಜೋರ ಆತು, ನಮ್ಮವ್ವನ ಕೂಲಿ ಯಾಕ ಏರಲಿಲ್ರಿ?' ಎಂದಳು. ಮಗ್ಗ ಯಾರದು, ನೂಲು ಯಾರದು, ದರ ಕಟ್ಟುವವರು ಯಾರು ಎಂದು ನಾನು ಬಿಡಿಸಿ ಹೇಳತೊಡಗಿದೆ. ಅರ್ಧಕ್ಕೇ ತಡೆದಳು. 'ನಿಮ್ಮನ್ನ ಕೇಳಿಲ್ರಿ. ಅವರು ಹಂಗ ಅಂದಾರ, ಅವರ ಹೇಳಲಿ.'

ಪ್ರಾಚಾರ್ಯ ಗಿರಿಮಲ್ಲಪ್ಪನವರು ಬಾಗಿಲಲ್ಲಿ ನಿಂತು ಕೇಳಿ ನಕ್ಕರು. 'ಏನ್ರಿ ಕಾವೇರಿ ಮೇಡಂ, ಹುಡುಗರೂ ಆ ಮೇಡಂನ ಬೇಕು ಅನ್ನಾಕತ್ತಾರ. ಸ್ವಿಚ್ ಹಾಕಾಕ ಪರಸಪ್ಪ ಸಾಕಲ್ಲ?' ಪರಸಪ್ಪ ನಮ್ಮ ಜವಾನ. ಬರುವ ವರ್ಷ ನನ್ನ ತಾಸುಗಳು ಇರುತ್ತವೋ ಇಲ್ಲವೋ, ಶನಿವಾರ ಕ್ಲಾಸಿನಲ್ಲಿ ಕೂತು ನೋಡಿ ತೀರ್ಮಾನಿಸುತ್ತಾರಂತೆ.

ಅದಕ್ಕೇ ಬಾ. ಬೇಡುತ್ತಿಲ್ಲ, ಕರೆಯುತ್ತಿದ್ದೇನೆ. ಮನೀಷಾಳ ಎದುರು ನಿಂತು ಉತ್ತರಿಸು. ನೀನು ತಡವರಿಸಬೇಕು, ನೀರು ಕುಡಿಯಬೇಕು, ಹುಡುಗರು ಅದನ್ನು ನೋಡಬೇಕು. ಎತ್ತಿದ ಕೈ ಕಾಣದ ಪಾಠ ಪಾಠವಲ್ಲ ಎಂಬುದು ನಿನ್ನ ಬಾಯಿಂದಲೇ ಬರಲಿ. ಬರದಿದ್ದರೆ ಅವತ್ತು ಯಂತ್ರ ಹಾಕುವುದಿಲ್ಲ. ಬಾಗಿಲಿಗೆ ಅಡ್ಡ ಕೂಡುತ್ತೇನೆ, ಒಬ್ಬಳೇ ಆದರೂ.

ಸಿಟ್ಟು ಇನ್ನೂ ಇಳಿಯದ,
ಕಾವೇರಿ

ತಾ.ಕ.: ಡಿವಿಡಿಯಲ್ಲಿ ಉಟ್ಟ ನೀಲಿ ಇಳಕಲ್ ಸೀರೆಯನ್ನೇ ಉಟ್ಟು ಬಾ, ಇಲ್ಲದಿದ್ದರೆ ಹುಡುಗರು ಗುರುತಿಸುವುದಿಲ್ಲ. ನೀನು ಬರುತ್ತೀ ಎಂದು ಮನೀಷಾಗೆ ಆಗಲೇ ಹೇಳಿಬಿಟ್ಟಿದ್ದೇನೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. ನನ್ನ ಯಾವ ಪಾಠಕ್ಕೂ ಹಾಗೆ ಅರಳಿಲ್ಲ. ನೀನು ತಡವರಿಸದೆ ಉತ್ತರ ಹೇಳಿಬಿಟ್ಟರೆ ಏನು ಮಾಡಲಿ ಎಂಬುದು ನನಗೆ ಗೊತ್ತಿಲ್ಲ. ಆದರೂ ಬಾ. ಶನಿವಾರ, ಒಂಬತ್ತನೇ ತಾರೀಖು, ಮುಂಜಾನೆ ಹನ್ನೊಂದಕ್ಕೆ.