ಮಂದ ಕೋಶಗಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಮೊಂಡಿಗೆ,

ಹದಿಮೂರು ವರ್ಷದ ಮೇಲೆ ನನ್ನ ಕೈಬರಹ ನೋಡಿ ನಿನಗೆ ಸಿಟ್ಟು ಬಂದರೆ ತಪ್ಪಿಲ್ಲ. ವಿಳಾಸ ಕೊಟ್ಟವಳು ನಿನ್ನ ತಂಗಿ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೀಯಂತೆ. "ಅಕ್ಕನ ಹತ್ರ ನಿಮ್ಮ ಸುದ್ದಿ ಎತ್ತೋ ಹಾಗೇ ಇಲ್ಲ" ಎಂದೂ ಹೇಳಿದಳು. ಆದರೂ ಬರೆಯುತ್ತಿದ್ದೇನೆ. ವಿಷಯ ಕೆಲಸದ್ದು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಿನ್ನ ಅಳತೆ ಸರಿಯಿತ್ತು. ನನ್ನದು ತಪ್ಪು.

ಹೋದ ವಾರ ಹೊಸ ವಿದ್ಯಾರ್ಥಿಗಳಿಗೆ ಪಾಠ ಮಾಡಲೆಂದು ನಮ್ಮಿಬ್ಬರ ಹಳೆಯ ಚಿತ್ರಗಳನ್ನು ಕಂಪ್ಯೂಟರಿನಿಂದ ತೆಗೆದೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಆ ಕೋಣೆ, ಒಂದೇ ಮೈಕ್ರೋಸ್ಕೋಪು, ಇಬ್ಬರಿಗೂ ಸೇರಿ ಒಂದು ಸ್ಟೂಲು. ಜೀವಂತ ಕೋಶದೊಳಗೆ ಸಂದೇಶ ಒಯ್ಯುವ ಅಣು ಎಷ್ಟಿದೆ ಎಂದು ಅಳೆಯುವುದು ನಮ್ಮ ಕೆಲಸ. ಹೊಳೆಯುವ ಒಂದು ಪ್ರೋಟೀನನ್ನು ಸೆನ್ಸರ್ ಆಗಿ ಕೋಶಕ್ಕೆ ಸೇರಿಸುತ್ತಿದ್ದೆವು. ಅಣು ಬಂದು ಅಂಟಿಕೊಂಡರೆ ಅದರ ಬಣ್ಣ ಬದಲಾಗುತ್ತಿತ್ತು. ಬಣ್ಣ ನೋಡಿ ಲೆಕ್ಕ.

ನಾನು ಯಾವಾಗಲೂ ಚೆನ್ನಾಗಿ ಹೊಳೆಯುವ ಕೋಶಗಳನ್ನೇ ಆರಿಸುತ್ತಿದ್ದೆ. ಚಿತ್ರ ಸೊಗಸಾಗಿ ಬರುತ್ತಿತ್ತು. ನೀನು ಕಣ್ಣು ಕಿರಿದು ಮಾಡಿ, ಇದ್ದೂ ಇಲ್ಲದಂತಿದ್ದ ಮಂದ ಕೋಶಗಳನ್ನು ಹುಡುಕುತ್ತಿದ್ದೆ. "ಲೇ ಮೊಂಡಿ, ದೀಪ ಇರೋ ಮನೆ ಬಿಟ್ಟು ಕತ್ತಲೆ ಮನೆ ಕದ ಯಾಕೆ ತಟ್ತೀಯೇ?" ಎಂದು ನಾನು ರೇಗಿಸಿದರೆ, ನೀನು "ದೀಪ ಇರೋ ಮನೇಲಿ ನೆಂಟರು ತುಂಬಿರ್ತಾರೆ ಕಣೇ, ಅಡುಗೆ ಎಲ್ಲಾ ಅವರೇ ಖಾಲಿ ಮಾಡಿರ್ತಾರೆ" ಎನ್ನುತ್ತಿದ್ದೆ. ನಾನು ನಗುತ್ತಿದ್ದೆ. ನಿನ್ನ ಅಂಕಿ ನನ್ನದರ ಮೂರು ಪಟ್ಟು ಇರುತ್ತಿತ್ತು.

ಈಗ ಪ್ರತಿ ಕೋಶದ ಹೊಳಪನ್ನೂ ಅದರ ಅಳತೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೊಳಪು ಹೆಚ್ಚಿದಷ್ಟೂ ಅಳತೆ ಇಳಿಯುತ್ತ ಹೋಗಿದೆ. ಹೊಳಪು ಹೆಚ್ಚು ಎಂದರೆ ಸೆನ್ಸರ್ ಹೆಚ್ಚು. ಅಳೆಯಲು ಹಾಕಿದ ಸೆನ್ಸರೇ ಅಣುಗಳನ್ನು ಹಿಡಿದಿಟ್ಟುಕೊಂಡಿತ್ತು. ಮಿಕ್ಕದ್ದನ್ನು ಅಳೆದು, ಇರುವುದೇ ಇಷ್ಟು ಎಂದು ನಾನು ಬರೆದೆ.

ಆಗ ಲ್ಯಾಬಿನಲ್ಲಿ ಕೆಲಸ ಖಾಲಿ ಇದ್ದದ್ದು ಒಂದು, ಅರ್ಜಿ ಹಾಕಿದವರು ನಾವಿಬ್ಬರು. ನಮ್ಮ ಸಂಶೋಧನೆಯ ಗೈಡ್ ನನ್ನನ್ನು ಒಳಗೆ ಕರೆದು, "ಯಾರ ಅಂಕಿ ನಂಬ್ಲಮ್ಮ?" ಎಂದರು. ನಿನ್ನ ಕೈ ನಿಲ್ಲುವುದಿಲ್ಲ, ಫೋಕಸ್ ತಪ್ಪುತ್ತದೆ ಎಂದೆ. ಅಷ್ಟು ಸಾಕಾಯಿತು. ಶುಕ್ರವಾರ ನೀನು ಸ್ಟೂಲಿನ ಮೇಲೆ ಬೀಗದ ಕೈ ಇಟ್ಟು ಹೋದೆ. ಈ ಲ್ಯಾಬು ಇವತ್ತಿಗೂ ನಿಂತಿರುವುದು ಆ ತಪ್ಪು ಅಂಕಿಗಳಿಂದ ನಾನು ಬರೆದ ಪ್ರಬಂಧದ ಮೇಲೆ.

ಬೇಕೆಂದೇ ಮಾಡಿದೆನೇ ಎಂದು ಈ ವಾರವೆಲ್ಲ ನನ್ನನ್ನೇ ಕೇಳಿಕೊಂಡೆ. ಇಲ್ಲ ಎಂದು ಅನ್ನಿಸುತ್ತದೆ. ನೀನು ಸರಿ ಎಂದು ಆಗ ನನಗೆ ತಿಳಿದಿರಲಿಲ್ಲ.

ತಿಂಗಳ ಕೊನೆಗೆ, ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿ ಕಳಿಸುತ್ತೇನೆ. ನಿನ್ನ ಅಳತೆಗಳು ನಿನ್ನ ಹೆಸರಿನಲ್ಲೇ ಅಚ್ಚಾಗಬೇಕು, ಅದಕ್ಕೆ ನಿನ್ನ ಒಪ್ಪಿಗೆ ಬೇಕು. ನಮ್ಮ ನಿರ್ದೇಶಕರಿಗೂ ಹೇಳಿದ್ದಾಯಿತು. "ತಿಳಿಯದೆ ಆದದ್ದು ತಾನೆ? ಬಿಡಿ ಮೇಡಂ, ಕೆಲಸಕ್ಕೇನೂ ಆಗಲ್ಲ. ಗೊತ್ತಿದ್ದೂ ಮುಚ್ಚಿಟ್ಟಿದ್ರೆ ಮಾತ್ರ ನಾನೂ ಕಾಪಾಡೋಕಾಗಲ್ಲ" ಎಂದರು. ತಿಳಿಯದೆ ಆದ ತಪ್ಪು ಎಂದೇ ತಿದ್ದುಪಡಿಯಲ್ಲಿ ಬರೆದಿದ್ದೇನೆ.

ಕ್ಷಮಿಸು ಎಂಬ ಮಾತನ್ನು ಎರಡು ಸಲ ಬರೆದು ಹೊಡೆದುಹಾಕಿದೆ. ಒಪ್ಪಿಗೆಯಿದ್ದರೆ ಒಂದು ಸಾಲು ಬರೆ, ಸಾಕು.

ಇಂತಿ,
ನೀನು 'ಗಡಿಯಾರ' ಎಂದು ಕರೆಯುತ್ತಿದ್ದವಳು

ಮತ್ತೆ: ಅಂಟಿಸಿದ ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ತಿಳಿದಿರಲಿಲ್ಲ ಎಂದದ್ದು ಸುಳ್ಳು. ನೀನು ಹೋದ ಮರುದಿನ, ಶನಿವಾರ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಹನ್ನೊಂದು ಮಂದ ಕೋಶಗಳನ್ನು ಹುಡುಕಿ ಅಳೆದೆ. ಹನ್ನೊಂದರಲ್ಲೂ ನಿನ್ನ ಅಂಕಿಯೇ ಬಂತು. ನನಗೆ ಕೆಲಸದ ಆದೇಶ ಬಂದದ್ದು ಸೋಮವಾರ. ಭಾನುವಾರವಿಡೀ ಫೋನಿನ ಪಕ್ಕದಲ್ಲೇ ಇದ್ದೆ, ನಿನಗೆ ಮಾಡಲಿಲ್ಲ. ನೋಟ್‌ಬುಕ್ಕಿನಿಂದ ಹರಿದಿಟ್ಟುಕೊಂಡ ಆ ಪುಟ ಇದರ ಜೊತೆಗಿದೆ. ತಾರೀಖು, ನನ್ನ ಸಹಿ ಎರಡೂ ಇವೆ. ಪ್ರತಿ ಇಟ್ಟುಕೊಂಡಿಲ್ಲ.