ಇಂಚರಾಳ ಹೆಸರು ಎರಡು ಪಟ್ಟಿಯಲ್ಲಿ

ಜೂನ್ 16, ಸೋಮವಾರ

ಸಮಸ್ತ ಶಿಕ್ಷಣ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ: ಕೊಳ್ಳೇಗಾಲದ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಹೊಸ ಸ್ಟೇಪ್ಲರ್ ಬಂದಿದೆ. ಪಿನ್ನು ಮುಂದಿನ ವರ್ಷದ ಯೋಜನೆ.

ಎಂಟನೇ ಕ್ಲಾಸಿಗೆ ಗಣಿತ. ಇಂಚರ ಇವತ್ತೂ ಪ್ರಶ್ನೆ ಓದಲಾರದೆ ಕೂತಳು. ಒಂದು ಸಾಲಿಗೆ ಐದು ನಿಮಿಷ. ನಾನೇ ಓದಿ ಹೇಳಿದೆ — ಮುಗಿಸುವಷ್ಟರಲ್ಲಿ ಉತ್ತರ ಬಂತು. ಬೋರ್ಡಿನ ಮೇಲಿದ್ದ ನನ್ನ ಉತ್ತರ ತಪ್ಪಿತ್ತು. ಈ ವಿಷಯ ಡೈರಿಗೆ ಮಾತ್ರ.

ಜೂನ್ 21, ಶನಿವಾರ

ಅವಳ ಮನೆಗೆ ಹೋಗಿದ್ದೆ. ಅಮ್ಮ ಚೌಡೇಶ್ವರಿ ಮಗ್ಗದಲ್ಲಿದ್ದರು. ಸೀರೆಯ ಮುಖ ಕೆಳಗೆ ಮಾಡಿ ನೇಯುತ್ತಾರೆ. ಹೂವು ಸರಿ ಬಂತೋ ಎಂದು ಅಡಿಯಲ್ಲಿ ಕನ್ನಡಿ ಹಿಡಿದು ನೋಡಬೇಕು.

"ಇವ್ಳಿಗೆ ಕನ್ನಡೀನೇ ಬ್ಯಾಡ ಸಾ. ಮೇಲಿಂದ್ಲೇ ನೋಡಿ, ಅಲ್ಲಿ ಎಳೆ ತಪ್ಪೋಗದೆ ಅಂತಾಳೆ. ಓದಕ್ ಮಾತ್ರ ದಡ್ಡಿ."

"ದಡ್ಡಿ ಅಲ್ಲ ಕಣ್ರಿ."

"ಮತ್ತಿನ್ನೇನ್ ಸಾ?"

ಬಿ.ಎಡ್. ಮಾಡಿದ ನಾನು ಕಾಫಿ ಕುಡಿದು ಬಂದೆ.

ಜುಲೈ 1

ಮೇಲಿನವರು ಎರಡು ಪಟ್ಟಿ ಕೇಳಿದ್ದಾರೆ. ಒಂದು, ವಿಶೇಷ ಅಗತ್ಯದ ಮಕ್ಕಳದ್ದು. ಇನ್ನೊಂದು, ಯಳಂದೂರಿನ ಶನಿವಾರದ ಗಣಿತ ತರಗತಿಗೆ — ಪ್ರತಿಭಾವಂತರಿಗಂತೆ, ಆಯ್ಕೆಗೆ ಪರೀಕ್ಷೆಯೂ ಇದೆಯಂತೆ. ಎರಡರಲ್ಲೂ ಇಂಚರಾಳ ಹೆಸರು ಬರೆದೆ. ಹೆಡ್‌ಮಾಸ್ಟರ್ ಶಿವಕುಮಾರಸ್ವಾಮಿ ಎರಡನೆಯದನ್ನು ಕೆಂಪು ಪೆನ್ನಿನಲ್ಲಿ ಹೊಡೆದರು.

"ಒಂದ್ ಮಗೀನ ಎರಡ್ ಕಡೆ ಬರ್ದಿದ್ದೀರಲ್ಲ ಮೇಷ್ಟ್ರೇ. ಕೈತಪ್ಪೋ, ಕಣ್ತಪ್ಪೋ?"

"ಬೇಕಂತ್ಲೇ ಬರ್ದಿದ್ದು ಸಾ. ಎರಡೂ ಅವ್ಳೇಯ."

"ಇಂದ್ಗಡೆ ಬೆಂಚಲ್ ಕೂತೋರು ಮುಂದ್ಗಡೆ ಬೆಂಚಲ್ಲೂ ಕೂರಕ್ಕಾಯ್ತದ?"

ಘನವಾದ ಪ್ರಶ್ನೆ. ಪಟ್ಟಿ ಶನಿವಾರ ಹೋಗಬೇಕು. ಈ ಸಲ ತಪ್ಪಿದರೆ ಅವಳಿಗೆ ಇನ್ನೊಂದು ಸಲವಿಲ್ಲ. ಎಂಟನೇ ಕ್ಲಾಸಿಗೆ ಮಾತ್ರ ಅವಕಾಶ.

ಜುಲೈ 4

ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ಮಧುಶ್ರೀ ಮೇಡಂ ಬಂದರು. ನಾನು ಭಾಷಣ ನಿರೀಕ್ಷಿಸಿದ್ದೆ. ಅವರು ಹಳೇ ಪ್ರಶ್ನೆಪತ್ರಿಕೆಯೊಂದನ್ನು ಹೆಡ್‌ಮಾಸ್ಟರ ಕೈಗಿಟ್ಟರು.

"ನೀವೇ ಓದಿ ಸರ್. ಅವಳು ಉತ್ತರ ಹೇಳ್ಲಿ."

ಇಪ್ಪತ್ತರಲ್ಲಿ ಹದಿನೆಂಟು ಸರಿ. ಒಂದು ಪ್ರಶ್ನೆಯನ್ನಂತೂ ಹೆಡ್‌ಮಾಸ್ಟರೇ ತಪ್ಪು ಓದಿದ್ದರು.

"ಇಂಗಾದ್ರೆ ಉತ್ತರಾನೇ ಬರಕ್ಕಿಲ್ಲ ಸಾ," ಅಂದಳು ಇಂಚರ, ಮೆಲ್ಲಗೆ.

ಹೆಡ್‌ಮಾಸ್ಟರ್ ಕನ್ನಡಕ ಒರೆಸಿಕೊಂಡರು. ಹೊಡೆದ ಹೆಸರಿನ ಮೇಲೆ ಮತ್ತೆ ಬರೆದರು. "ಪರೀಕ್ಷೇಲಿ ಯಾರ್ ಓದಿ ಏಳೋರು?"

"ನಾನಿದೀನಿ ಸರ್," ಅಂದರು ಮೇಡಂ.

ಜುಲೈ 11, ಶುಕ್ರವಾರ

ಬುಧವಾರ ಪರೀಕ್ಷೆ ಆಯಿತು. ಇವತ್ತು ಫೋನ್ — ಆಯ್ಕೆ. ಓದು ಕಲಿಸಲು ಮೇಡಂ ಇನ್ನು ವಾರಕ್ಕೆ ಎರಡು ದಿನ ಬರುತ್ತಾರೆ. ನಾಳೆ ಮೊದಲ ಕ್ಲಾಸು. ಅಮ್ಮನಿಗೆ ಮಗ್ಗ, ನನಗೆ ಬೆಳಗಿನ ಶಾಲೆ. ಒಬ್ಬಳೇ ಹೋಗುತ್ತಾಳಂತೆ.

ಈ ಡೈರಿ ಯಾರೂ ಓದುವುದಿಲ್ಲ. ಕದ್ದು ಓದುವವರಿದ್ದರೆ ಒಂದು ಸಣ್ಣ ಉಪಕಾರ: ಶನಿವಾರ ಬೆಳಿಗ್ಗೆ ಎಂಟಕ್ಕೆ ಕೊಳ್ಳೇಗಾಲ ಬಸ್ ಸ್ಟ್ಯಾಂಡಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಬಸ್ಸಿನ ಬೋರ್ಡನ್ನೇ ನೋಡುತ್ತ ನಿಂತಿದ್ದರೆ, ಯಳಂದೂರಿನದು ಯಾವುದೆಂದು ಓದಿ ಹೇಳಿ. ಮುಂದಿನದನ್ನು ಅವಳೇ ನೋಡಿಕೊಳ್ಳುತ್ತಾಳೆ.