ಕಡಿದುಹೋಗುತ್ತಿದ್ದ ಮೇಲ್

ಕದ್ರಿ, ಮಂಗಳೂರು
14 ಜುಲೈ 2024

ಪ್ರೀತಿಯ ರೇಚಲ್,

ನಿನ್ನ ಮೊಣಕಾಲಿನ ಆಪರೇಶನ್ ಆಗಿ ತಿಂಗಳು ಕಳೆದರೂ ಎರಡು ಸಾಲು ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮೈಸೂರಿನಲ್ಲಿ ತಂಗಿ ಚೆನ್ನಾಗಿ ನೋಡಿಕೊಳ್ಳುತ್ತಿರಬೇಕು. ನೀನು ನಿವೃತ್ತಳಾಗಿ ಬಿಟ್ಟುಹೋದ ನಮ್ಮ ಬೈಕಂಪಾಡಿ ಆಫೀಸಿನಲ್ಲಿ ಈಚೆಗೆ ಒಬ್ಬ ಮಹಾಪಂಡಿತನ ದರ್ಬಾರು ನಡೆಯಿತು. ಹೆಸರು ವಿನೀತ್, ಧಣಿ ತಾರಾನಾಥರ ತಂಗಿಯ ಮಗ. ವಿನಯ ಇರುವುದು ಹೆಸರಿನಲ್ಲಿ ಮಾತ್ರ.

ದೋಣಿ ಎಂಜಿನಿನ ಬಿಡಿಭಾಗಗಳ ಆರ್ಡರೆಲ್ಲ ಬರುವುದು ನನ್ನ ಟೇಬಲಿನ ಕಂಪ್ಯೂಟರಿಗೆ, ನಿನಗೆ ಗೊತ್ತು. ಜೂನ್ ಮೊದಲ ವಾರದಿಂದ, ಮೇಲ್ ತೆರೆದು ಹತ್ತು ನಿಮಿಷವಾಗುವಷ್ಟರಲ್ಲಿ ‘ಸರ್ವರ್ ಸಂಪರ್ಕ ಕಡಿದಿದೆ’ ಎಂದು ತೋರಿಸತೊಡಗಿತು. ಮಲ್ಪೆಯ ಎಡ್ವಿನ್ ಮೂರು ಸಲ ಮೇಲ್ ಕಳಿಸಿ, ಉತ್ತರ ಸಿಗದೆ, ಆರ್ಡರನ್ನು ಬೇರೆಯವರಿಗೆ ಕೊಟ್ಟರು.

ವಿನೀತ್ ಬಂದ. ಕೇಬಲ್ ಬದಲಾಯಿಸಿದ, ರೂಟರ್ ಬದಲಾಯಿಸಿದ, ನನ್ನ ಕಂಪ್ಯೂಟರನ್ನು ಪೂರ್ತಿ ಅಳಿಸಿ ಗಿರಾಕಿಗಳ ವಿಳಾಸಗಳನ್ನೆಲ್ಲ ಕಳೆದ. ಮೇಲ್ ಮತ್ತೆ ಕಡಿಯಿತು. ಕೊನೆಗೆ ಎಲ್ಲರೆದುರು ಚೂಯಿಂಗ್ ಗಮ್ ಜಗಿಯುತ್ತಾ, “ಮಾವ, ಮಿಶಿನ್ ಸರಿ ಉಂಟು. ಆಂಟಿ ಎಂತೆಂತದೋ ಒತ್ತುತ್ತಾರೆ. ಪ್ರಾಯ ಆಯ್ತಲ್ಲ ಅವರಿಗೆ” ಎಂದ.

ತಾರಾನಾಥರು ನನ್ನ ಮುಖ ನೋಡದೆ, “ನೀರಜಕ್ಕ, ಸ್ವಲ್ಪ ದಿನ ಮೇಲ್ ಸಿಂಧು ನೋಡಿಕೊಳ್ಳಲಿ” ಎಂದರು. ನನ್ನ ಮಗಳು ಸಿಂಧು ಕಳೆದ ವರ್ಷದಿಂದ ಅಲ್ಲೇ ಬಿಲ್ಲಿಂಗಿನಲ್ಲಿದ್ದಾಳೆ. ಅವಳು ತಲೆ ಎತ್ತಲಿಲ್ಲ.

ಪ್ರಾಯವಂತೆ! ಎರಡು ಕಾಲೇಜು ಬದಲಾಯಿಸಿ ಮೂರನೆಯದನ್ನು ಅರ್ಧಕ್ಕೆ ಬಿಟ್ಟವನಿಗೆ ನನ್ನ ಪ್ರಾಯದ ಚಿಂತೆ. “ಒಂದು ವಾರ ಬಿಡಿ, ಮತ್ತೆ ನೋಡುವ” ಎಂದು ತಾರಾನಾಥರಿಗೆ ಹೇಳಿ, ಮೇಲ್ ಕಡಿದ ಹೊತ್ತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ. ಬೆಳಿಗ್ಗೆ ಎಂಟೂವರೆಗೆ ನಾನು, ಸಿಂಧು ಇಬ್ಬರೇ ಇದ್ದಾಗ ಒಮ್ಮೆಯೂ ಕಡಿಯುವುದಿಲ್ಲ. ಹನ್ನೊಂದಕ್ಕೆ ವಿನೀತನ ಸವಾರಿ ಬಂದ ಮೇಲೆ ಶುರು. ಆ ಪುಸ್ತಕ ಹಿಡಿದುಕೊಂಡೇ ಮೇಲ್ ಕಂಪೆನಿಗೆ ಫೋನ್ ಮಾಡಿದೆ.

ಅಝರ್ ಎಂಬಾತ ಸಮಾಧಾನದಿಂದ ಕೇಳಿಸಿಕೊಂಡು, “ಮೇಡಂ, ಈ ಒಂದೇ ಮೇಲನ್ನು ಎಷ್ಟು ಕಡೆ ಹಾಕಿದ್ದೀರಿ?” ಎಂದ.

“ಒಂದೇ ಕಡೆ.”

“ಇಲ್ಲಿ ಐದು ಕಾಣ್ತದೆ. ಒಂದೊಂದು ನಾಲ್ಕೈದು ಸಂಪರ್ಕ ಹಿಡ್ಕೊಳ್ತದೆ. ಒಂದು ಆಫೀಸಿಗೆ ನಾವು ಬಿಡುವುದು ಹತ್ತು. ಹೆಚ್ಚಾದರೆ ಸರ್ವರ್ ಕಡಿದು ಹಾಕ್ತದೆ.”

ಅಝರ್ ಓದಿ ಹೇಳಿದ ಹೆಸರುಗಳಲ್ಲಿ ಮೂರು ವಿನೀತನವು. ಲ್ಯಾಪ್‌ಟಾಪ್, ಟ್ಯಾಬ್, ಫೋನ್ ಎಂದು ಮೂರರಲ್ಲಿ ನನ್ನ ಮೇಲ್ ತೆರೆದಿಟ್ಟು ಕದ್ದು ಓದುತ್ತಿದ್ದವನು ನಮ್ಮ ಪಂಡಿತ! ರೋಗ ಹರಡಿದವನೇ ಡಾಕ್ಟರಾಗಿ ಬಂದಿದ್ದ. ಪಾಸ್‌ವರ್ಡ್ ಬದಲಾಯಿಸಿ, ನನ್ನ ಕಂಪ್ಯೂಟರಿಗೆ ಮಾತ್ರ ಹಾಕಿದೆ.

ಮರುದಿನ ಅವನು ಓಡಿಬಂದು, “ಪಾಸ್‌ವರ್ಡ್ ಯಾರು ಚೇಂಜ್ ಮಾಡಿದ್ದು ಮಾರ್ರೆ?” ಎಂದ.

“ಪ್ರಾಯ ಆದವರು” ಎಂದೆ. “ಬೇಕಾದರೆ ಮಾವನ ಹತ್ತಿರ ಕೇಳು. ನಿನಗೆ ಯಾಕೆ ಬೇಕು ಅಂತಲೂ ಹೇಳು.”

ಜಗಿಯುವುದು ನಿಂತಿತು.

ಹತ್ತು ದಿನವಾಯಿತು, ಮೇಲ್ ಒಮ್ಮೆಯೂ ಕಡಿದಿಲ್ಲ. ತಾರಾನಾಥರು ಎಲ್ಲ ಕೇಳಿ, “ಆಯ್ತಲ್ಲ ನೀರಜಕ್ಕ, ಹುಡುಗ, ಬಿಡಿ” ಎಂದರು. ಮೂವತ್ತೆರಡು ವರ್ಷದ ಹುಡುಗ! ಎಲ್ಲರೆದುರು ಅವಮಾನ ಮಾಡಲು ಬರುತ್ತದೆ, ಎಲ್ಲರೆದುರು ತಪ್ಪಾಯಿತು ಎನ್ನಲು ಬರುವುದಿಲ್ಲ. ಅಂಥವರ ಕ್ಷಮೆ ನನಗೂ ಬೇಡ.

ನಿನ್ನ ಕಾಲು ಬೇಗ ಗಟ್ಟಿಯಾಗಲಿ, ಕೋಲಿಲ್ಲದೆ ನಡೆಯುವಂತಾಗಲಿ. ನಿನ್ನ ದೇವರೂ ನನ್ನ ದೇವರೂ ಸೇರಿ ನಿನ್ನನ್ನು ಕಾಯಲಿ.

ನಿನ್ನ,
ನೀರಜಾಕ್ಷಿ

ಮರೆತಿದ್ದೆ: ಅಝರ್ ಐದೂ ಹೆಸರು ಓದಿದಾಗ ಕೊನೆಯದು ‘ಸಿಂಧು ಫೋನ್’. ಎರಡು ಸಲ ಓದಿಸಿದೆ. ನಾನು ಎದ್ದರೆ ನನ್ನ ಕುರ್ಚಿ ಅವಳಿಗೆ ಎಂದು ವಿನೀತ್ ಮಾತು ಕೊಟ್ಟಿದ್ದನೆಂದು ಆಮೇಲೆ ಆಫೀಸಿನಲ್ಲಿ ಕಿವಿಗೆ ಬಿತ್ತು. ಅವಳ ಹೆಸರನ್ನು ನಾನು ತಾರಾನಾಥರಿಗೆ ಹೇಳಲಿಲ್ಲ. ದಿನಾ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಹೋಗಿಬರುತ್ತೇವೆ. ಹೊಸ ಪಾಸ್‌ವರ್ಡ್ ಎಂತ ಎಂದು ಅವಳು ಇನ್ನೂ ಕೇಳಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ರೇಚಲ್.